ಗೋಡೆ ಆಚೆ ಕೂತವಳು

"ಬುದ್ಧಿ, ಇರುವೆಗೆ ಆನೆ ಅರ್ಥ ಆಗುತ್ತಾ?"

ಶಿಷ್ಯ ಕೇಳ್ದ. ಕೇಳೋ ಧಾಟಿಯಲ್ಲೇ ಗೊತ್ತಾಗ್ತಿತ್ತು, ಉತ್ತರ ಆಗಲೇ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದಿದ್ದಾನೆ ಅಂತ. ಕೆಲವರು ಪ್ರಶ್ನೆ ಕೇಳೋದೇ ಬೆನ್ನು ತಟ್ಟಿಸ್ಕೊಳ್ಳೋಕೆ.

ಗುರುಗಳು ಮಠದ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲೀತಿದ್ರು. ತಲೆ ಎತ್ತಲಿಲ್ಲ.

"ಆನೆ ಅರ್ಥ ಆಗುತ್ತೋ ಇಲ್ವೋ ಗೊತ್ತಿಲ್ಲ ಮರಿ. ಆನೆ ಕಾಲು ಮಾತ್ರ ಚೆನ್ನಾಗಿ ಅರ್ಥ ಆಗುತ್ತೆ."

ಶಿಷ್ಯ ನಕ್ಕ. ಗುರುಗಳು ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡ. ಎದುರಿಗೆ ಕೂತು ತಾನೂ ಒಂದು ಹಿಡಿ ಕಾಯಿ ಎಳ್ಕೊಂಡ. ಆಮೇಲೆ ನಡೆದದ್ದು ಹೇಳ್ದ.

ಕೆಳಕೇರಿಯಲ್ಲಿ ಸುಣ್ಣ ಸುಡೋರ ಮನೆ. ಆ ಮನೆಯ ಐದು ವರ್ಷದ ಮಗು ಸುಣ್ಣ ಅರಳಿಸೋ ಗುಂಡಿಗೆ, ಕುದಿಯೋ ಸುಣ್ಣದೊಳಗೆ ಬಿದ್ದಿತ್ತು. ಎತ್ತಿದ್ರು. ಎರಡು ದಿನ ಬದುಕಿತ್ತು. ಆ ಎರಡು ದಿನ ಬದುಕದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಕೇರಿಯವರೇ ಮಾತಾಡ್ಕೊಂಡ್ರು. ಶಿಷ್ಯ ಮಠದ ಪರವಾಗಿ ಸಮಾಧಾನ ಹೇಳೋಕೆ ಹೋಗಿದ್ದ. ತಾಯಿ ಬಾಗಿಲಲ್ಲಿ ಕೂತಿದ್ಲು. ಒಂದೇ ಮಾತು ಕೇಳಿದ್ಲು.

"ಎರಡು ದಿನ ಕೂಗ್ತಲ್ಲ ಸ್ವಾಮಿ. ದೇವರು ಎಲ್ಲೋಗಿದ್ದ?"

"ನೀನೇನಂದೆ?" ಗುರುಗಳು ಕೇಳಿದ್ರು.

"ನಮ್ಮ ಬುದ್ಧಿ ಸಾಸಿವೆ ಕಾಳಷ್ಟು ತಾಯಿ, ಅವನ ಯೋಚನೆ ಬೆಟ್ಟದಷ್ಟು, ಬೆಟ್ಟ ಸಾಸಿವೆಯೊಳಗೆ ಹಿಡಿಯುತ್ತಾ ಅಂದೆ. ನಮಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ಕಾರಣ ಇಲ್ಲ ಅಂತ ಅಲ್ಲ ಅಂದೆ. ಆಮೇಲೆ ಇರುವೆ ಆನೆ ಹೇಳ್ದೆ."

"ಅವಳೇನಂದ್ಲು?"

"ಸುಮ್ಮನಾದ್ಲು ಬುದ್ಧಿ. ಇನ್ನೊಂದು ಮಾತು ಕೇಳಲಿಲ್ಲ. ಎದ್ದೋಗಿ ಮಜ್ಜಿಗೆ ತಂದುಕೊಟ್ಲು."

"ಕುಡಿದ್ಯಾ?"

"ಕುಡಿದೆ."

"ಉಪ್ಪು ಸರಿಯಾಗಿತ್ತಾ?"

ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಶಿಷ್ಯನಿಗೆ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನ ಪಕ್ಕಕ್ಕೆ ಸರಿಸಿ ಮುಂದೆ ಹೋಗೋದು ಅವನಿಗೆ ಅಭ್ಯಾಸ.

"ನಾಳೆ ಮಗು ಹೂಳಿದ ಗುದ್ದದ ಮೇಲೆ ಹಾಲುತುಪ್ಪ ಬಿಡ್ತಾರೆ ಬುದ್ಧಿ. ಕೇರಿ ಎಲ್ಲಾ ಸೇರುತ್ತೆ. ನಾಲ್ಕು ಮಾತು ಆಡಿ ಅಂದಿದ್ದಾರೆ. ಇದನ್ನೇ ಇನ್ನಷ್ಟು ಬೆಳೆಸೋಣ ಅಂತಿದ್ದೀನಿ. ತಾಯಿ ಮಗುವಿನ ಕೈಕಾಲು ಅದುಮಿ ಕಹಿ ಕಷಾಯ ಕುಡಿಸ್ತಾಳೆ. ಮಗು ಒದೆಯುತ್ತೆ, ಉಗಿಯುತ್ತೆ, ತಾಯಿ ಕೆಟ್ಟೋಳು ಅಂದ್ಕೊಳ್ಳುತ್ತೆ. ಮಗುವಿಗೇನು ಗೊತ್ತು? ನಾವೂ ಹಂಗೇ, ದೇವರ ಕೈಯಲ್ಲಿ ಮಕ್ಕಳು. ನೀವು ಒಂದು ಸಲ ಸರಿ ಅಂದ್ಬಿಟ್ರೆ ಧೈರ್ಯವಾಗಿ ಹೇಳ್ತೀನಿ."

ಗುರುಗಳು ಮೊರ ಪಕ್ಕಕ್ಕಿಟ್ರು.

"ಮಗು ಸತ್ತೋಳ ಮುಂದೆ ನಿಂತು ತಾಯಿ ದೃಷ್ಟಾಂತ ಹೇಳ್ತೀಯಾ? ಗಟ್ಟಿ ಗುಂಡಿಗೆ ಕಣೋ ನಿಂದು. ಸರಿ. ಹಂಗಾದ್ರೆ ಒಬ್ಬ ತಾಯಿ ಕತೆ ಕೇಳು. ಕೇಳಿದ ಮೇಲೂ ಹೇಳೋ ಹಂಗಿದ್ರೆ ನಾಳೆ ಹೇಳು. ನಾನು ತಡೆಯಲ್ಲ."

ಹೀಗಂದು ಗುರುಗಳು ಕತೆ ಶುರು ಮಾಡಿದ್ರು.

ಒಂದೂರಲ್ಲಿ ಬುಟ್ಟಿ ಹೆಣೆಯೋಳೊಬ್ಬಳು ಇದ್ಲು. ಗಂಡ ಇರಲಿಲ್ಲ. ಒಬ್ಬಳೇ ಮಗಳು, ಏಳು ವರ್ಷ. ತಾಯಿ ಬಿದಿರು ಸೀಳಿ ತಳ ಹಾಕಿಕೊಟ್ರೆ ಮಗಳು ಕೂತು ಸುತ್ತು ಏರಿಸ್ತಿದ್ಲು. ದೊಡ್ಡೋರ ಬೆರಳು ಹೋಗದ ಕಡೆ ಅವಳ ಬೆರಳು ಹೋಗ್ತಿತ್ತು. ನನಗಿಂತ ಇವಳ ಕೈ ವಾಸಿ ಅಂತ ತಾಯಿ ಕಂಡೋರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ಲು. ಮಗಳ ಎದುರಿಗೆ ಮಾತ್ರ "ಏನ್ ಹೆಣೀತೀಯ, ಕಾಗೆ ಗೂಡು" ಅಂತಿದ್ಲು. ತಾಯಂದಿರ ಬುದ್ಧಿ.

ಒಂದಿನ ಮಗಳು ಮರ ಹತ್ತಿದ್ಲು. ಹತ್ತಬೇಡ ಅಂದಿದ್ದ ಮರವೇ. ಬಿದ್ಲು. ಬಲ ಮುಂಗೈ ಮುರೀತು.

ಪಕ್ಕದೂರಲ್ಲಿ ಮೂಳೆ ಕಟ್ಟೋ ಪಂಡಿತ ಒಬ್ಬ ಇದ್ದ. ಅವನು ಕಳ್ಳ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಕಳ್ಳ ಆಗಿದ್ರೆ ಕತೆ ಸುಲಭ ಆಗ್ತಿತ್ತು. ಅವನು ದುಡ್ಡು ಮುಟ್ತಿರಲಿಲ್ಲ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಷ್ಟೆ. ಸುತ್ತಮುತ್ತ ಹತ್ತೂರಲ್ಲಿ ಅವನು ಕಟ್ಟಿದ ಕೈಗಳು ನೇಗಿಲು ಹಿಡೀತಿದ್ವು, ರಾಗಿ ಬೀಸ್ತಿದ್ವು, ಹೆಂಡ್ತೀರಿಗೆ ಹೊಡೀತಲೂ ಇದ್ವು.

ಆ ಪಂಡಿತನದ್ದು ಒಂದು ನಿಯಮ. ಮಕ್ಕಳಿಗೆ ಕಟ್ಟು ಕಟ್ಟಿದ ಮೇಲೆ ಒಂಬತ್ತು ದಿನ ಮಗು ಅವನ ಮನೆ ಒಳಕೋಣೆಯಲ್ಲೇ ಇರಬೇಕು. ಆ ಒಂಬತ್ತು ದಿನ ಹೆತ್ತೋಳು ಮಗುವಿನ ಮುಂದೆ ಬರಬಾರ್ದು. ಕೂಗಿದ್ರೆ ಓಗೊಡಬಾರ್ದು. ಬೇಕಾದ್ರೆ ಗೋಡೆ ಆಚೆ ಜಗಲಿ ಮೇಲೆ ಕೂತಿರಬಹುದು. ಆದ್ರೆ ಕೂತಿದ್ದಾಳೆ ಅಂತ ಮಗುವಿಗೆ ಗೊತ್ತಾಗಬಾರ್ದು.

ಇದು ಮೂಢನಂಬಿಕೆ ಅಲ್ಲ. ಪಂಡಿತನಿಗೆ ಒಬ್ಬ ತಮ್ಮ ಇದ್ದ. ಚಿಕ್ಕೋನಿದ್ದಾಗ ಅವನ ಕೈ ಮುರಿದಿತ್ತು. ಆಗ ಇವರಪ್ಪ ಕಟ್ಟು ಕಟ್ಟಿದ್ದ. ತಮ್ಮ ಅತ್ತ. ಅಳು ಕೇಳೋಕಾಗದೆ ಅವ್ವ ಹೋಗಿ ಕಟ್ಟು ಸಡಿಲ ಮಾಡಿದ್ಲು. ಮೂಳೆ ಸೊಟ್ಟಗೆ ಕೂಡ್ತು. ಕೈ ಕುಡುಗೋಲಿನ ಹಂಗೆ ಬಾಗಿ ನಿಂತ್ಬಿಡ್ತು. ಮಕ್ಕಳನ್ನ ಕರ್ಕೊಂಡು ಯಾರೇ ಬಂದ್ರೂ ಪಂಡಿತ ಮೊದಲು ತಮ್ಮನನ್ನ ಕರೆದು ಅಂಗಿ ತೋಳು ಎತ್ತಿಸ್ತಿದ್ದ.

"ನೋಡಿ ತಾಯಿ. ಪ್ರೀತಿ ಮಾಡಿದ ಕೆಲಸ ಇದು," ಅಂತಿದ್ದ.

ತಾಯಂದಿರು ಆ ಸೊಟ್ಟ ಕೈ ನೋಡಿ ಹೆದರಿ ಗೋಡೆ ಆಚೆ ಹೋಗಿ ಕೂರ್ತಿದ್ರು.

ಇಲ್ಲಿ ಶಿಷ್ಯ ತಡೆದ. "ಸರಿಯಾಗೇ ಇದೆಯಲ್ಲ ಬುದ್ಧಿ ನಿಯಮ."

"ಸರಿಯಾಗೇ ಇತ್ತು ಮರಿ. ಅದಕ್ಕೇ ಈ ಕತೆ ಹೇಳ್ತಿರೋದು," ಅಂದು ಗುರುಗಳು ಮುಂದುವರಿಸಿದ್ರು.

ಬುಟ್ಟಿಯೋಳೂ ಸೊಟ್ಟ ಕೈ ನೋಡಿದ್ಲು. ಮಗಳ ಬೆರಳು ನೆನೆಸ್ಕೊಂಡ್ಲು. ಒಪ್ಪಿದ್ಲು.

ಪಂಡಿತ ಮೂಳೆ ಜೋಡಿಸ್ದ. ಸೊಪ್ಪು ಅರೆದು ಹಚ್ಚಿದ. ಸುತ್ತ ಇಡೋಕೆ ಬಿದಿರು ದಬ್ಬೆ ಬೇಕಿತ್ತು. "ನಿನ್ನ ಕಸುಬೇ ಇದು, ನೀನೇ ಸೀಳಿಕೊಡು," ಅಂದ. ಅವಳು ಸೀಳಿದ್ಲು. ಅಂಚು ಚುಚ್ಚಬಾರ್ದು ಅಂತ ಒಂದೊಂದನ್ನೂ ಹೆರೆದು ತನ್ನ ಕೆನ್ನೆಗೆ ಉಜ್ಜಿ ನೋಡಿ ಕೊಟ್ಲು. ಪಂಡಿತ ಕಟ್ಟೋಕೆ ಹಳೇ ಪಂಚೆ ಹರಿದು ಪಟ್ಟಿ ಮಾಡ್ದ. ಅವನು ಯಾವಾಗ್ಲೂ ಕಟ್ತಿದ್ದದ್ದು ಬಟ್ಟೆಯಲ್ಲೇ.

ಅವಳು ಬಟ್ಟೆ ಮುಟ್ಟಿ ನೋಡಿದ್ಲು. "ಇದು ಜಾರುತ್ತೆ ಸ್ವಾಮಿ. ನನ್ನ ಹತ್ರ ಒಳ್ಳೇ ಎಳೆ ಇದೆ," ಅಂದ್ಲು.

ಬುಟ್ಟಿ ಬಾಯಿ ಕಟ್ಟೋಕೆ ಅಂತ ಬಿದಿರನ್ನ ದಾರದಷ್ಟು ತೆಳ್ಳಗೆ ಸೀಳಿ ನೀರಲ್ಲಿ ನೆನೆಸಿಟ್ಟಿರ್ತಾರೆ. ಅದೇ ಎಳೆ. ಇದ್ದದ್ದರಲ್ಲಿ ಚೆನ್ನಾಗಿರೋದು ಆರಿಸಿ ತಂದುಕೊಟ್ಲು. ಮಗಳ ಕೈ ಸೊಟ್ಟ ಆಗಬಾರ್ದಲ್ಲ. ಪಂಡಿತನಿಗೂ ಇಷ್ಟ ಆಯ್ತು. ಎಳೆದು ಎಳೆದು ಕಟ್ಟಿದ. ಮಗಳನ್ನ ಒಳಗೆ ಮಲಗಿಸಿದ್ರು. ತಾಯಿ ಗೋಡೆ ಆಚೆ ಕೂತ್ಲು.

ಮೊದಲನೇ ದಿನ ಮಗಳು ಅತ್ಲು. "ಅವ್ವಾ, ನೋಯ್ತಿದೆ," ಅಂದ್ಲು. ಎಲ್ಲಾ ಮಕ್ಕಳೂ ಅನ್ನೋ ಮಾತು. ತಾಯಿ ಗೋಡೆಗೆ ಬೆನ್ನು ಕೊಟ್ಟು ಕೂತು ಕೇಳಿಸ್ಕೊಂಡ್ಲು. ಸುಮ್ಮನೆ ಕೂರೋಕಾಗದೆ ಒಂದು ಅರ್ಧ ಹೆಣೆದ ಬುಟ್ಟಿ ಮಡಿಲಿಗೆ ಎಳ್ಕೊಂಡ್ಲು.

ಎರಡನೇ ದಿನ ಮಗಳ ಮಾತು ಬದಲಾಯ್ತು.

"ಅವ್ವಾ, ಇನ್ಮೇಲೆ ಮರ ಹತ್ತಲ್ಲ ಕಣವ್ವಾ. ಬಿಗೀತಿದೆ, ಬಿಚ್ಚು ಬಾರವ್ವಾ."

ತಾಯಿಗೆ ಆಗ ಗೊತ್ತಾಯ್ತು. ಇದು ಶಿಕ್ಷೆ ಅಂದ್ಕೊಂಡಿದೆ ಮಗು. ಮಾತು ಕೇಳಲಿಲ್ಲ, ಅದಕ್ಕೇ ಅವ್ವ ಹಿಂಗೆ ಮಾಡ್ತಿದ್ದಾಳೆ ಅಂದ್ಕೊಂಡಿದೆ. ಅಲ್ಲ ಮಗಾ ಅಂತ ಒಂದೇ ಮಾತು ಹೇಳಿದ್ರೆ ಸಾಕಿತ್ತು. ಓಗೊಡಬಾರ್ದು.

ಮಗಳು ಹರಕೆ ಹೊತ್ಲು. "ದಿನಾ ನೀರು ತರ್ತೀನಿ. ಜಗಳ ಆಡಲ್ಲ. ನನ್ನ ಸಣ್ಣ ಬುಟ್ಟಿ ಮಾರ್ಕೋ ಅವ್ವಾ, ಬೇಡ ಅನ್ನಲ್ಲ." ಏಳು ವರ್ಷದ ಮಗುವಿನ ಹತ್ರ ಇನ್ನೇನಿರುತ್ತೆ? ಇದ್ದದ್ದೆಲ್ಲಾ ಕೊಡ್ತೀನಿ ಅಂದ್ಲು.

ತಾಯಿ ತಲೆ ತಗ್ಗಿಸಿ ಬುಟ್ಟಿ ಬಾಯಿ ಸುತ್ತಿದ್ಲು. ಹಿಂದಿನ ದಿನ ಸುತ್ತಿಟ್ಟಿದ್ದ ಎಳೆ ಒಣಗಿತ್ತು. ಅದರ ಕೆಳಗೆ ಇನ್ನೊಂದು ಎಳೆ ತೂರಿಸೋಕೆ ಹೋದ್ಲು. ತೂರಲಿಲ್ಲ. ಉಗುರು ಕೂಡ ಹೋಗಲಿಲ್ಲ. ಹಸಿಯಾಗಿ ಸುತ್ತಿದ ಎಳೆ ಒಣಗಿದ್ರೆ ಕಚ್ಕೊಳ್ಳುತ್ತೆ. ಬುಟ್ಟಿ ಹೆಣೆಯೋರಿಗೆಲ್ಲಾ ಗೊತ್ತಿರೋ ವಿಷಯ. ಅವಳಿಗೆ ಅವಳ ಅವ್ವ ಹೇಳಿಕೊಟ್ಟಿದ್ದು, ಅವಳು ಮಗಳಿಗೆ ಹೇಳಿಕೊಟ್ಟಿದ್ದು.

ಅವಳು ತಟಕ್ಕನೆ ಎದ್ಲು. ಬುಟ್ಟಿ ಎಸೆದು ಪಂಡಿತನ ಹತ್ರ ಓಡಿದ್ಲು.

"ಸ್ವಾಮಿ, ಆ ಎಳೆ ಹಸಿಯಾಗಿತ್ತು. ಈಗ ಒಣಗಿರುತ್ತೆ. ಒಣಗಿದ್ರೆ ಬಿಗಿಯುತ್ತೆ. ಒಂದು ಸಲ ಬಿಚ್ಚಿ ನೋಡಿ."

ಪಂಡಿತ ಸಿಟ್ಟಾಗಲಿಲ್ಲ. ನಕ್ಕ. ಇಂಥ ತಾಯಂದಿರನ್ನ ಅವನು ಬೇಕಾದಷ್ಟು ನೋಡಿದ್ದ. ಎರಡನೇ ದಿನ ಎಲ್ಲರಿಗೂ ಏನಾದ್ರೊಂದು ನೆಪ ಸಿಗುತ್ತೆ.

"ಬುಟ್ಟಿ ವಿಷಯ ನಿನಗೆ ಗೊತ್ತು, ಒಪ್ದೆ. ಕೈ ಏನು ಬುಟ್ಟಿಯಾ?"

"ಅಲ್ಲ ಸ್ವಾಮಿ. ಆದ್ರೆ ಮಗು ಬಿಗೀತಿದೆ ಅಂತಿದೆ."

"ಮಗು ಅನ್ನುತ್ತೆ. ಅದಕ್ಕೇನು ಗೊತ್ತು, ಮೂಳೆ ಹೆಂಗೆ ಕೂಡುತ್ತೆ ಅಂತ? ನಿನಗೇನು ಗೊತ್ತು? ಮೂರು ತಲೆಮಾರಿನಿಂದ ಕಟ್ತಿದ್ದೀವಿ. ನೋವು ಅಂದ್ರೆ ಕೂಡ್ತಿದೆ ಅಂತ ಅರ್ಥ. ನಿನ್ನ ತಲೆಗೆ ಅದು ಹತ್ತಲ್ಲ, ಹತ್ತಬೇಕಾಗೂ ಇಲ್ಲ. ಹೋಗು ತಾಯಿ, ಹೋಗಿ ಕೂತ್ಕೋ."

ಪಂಡಿತ ದೊಡ್ಡೋನು. ತಾನು ಬಿದಿರು ಸೀಳೋಳು. ಅವನಿಗೆ ಕಾಣೋದು ತನಗೆ ಕಾಣಲ್ಲ, ನಿಜ. ಅವಳ ತಲೆ ಹಿಂಗೆ ಹೇಳ್ತು. ಅವಳ ಬೆರಳು ಬೇರೆ ಹೇಳ್ತಿತ್ತು. ತಲೆ ಮಾತು ಕೇಳಿದ್ಲು. ಹೋಗಿ ಕೂತ್ಲು.

ಮೂರನೇ ದಿನ ಮಗಳು ಬಾ ಅನ್ನಲಿಲ್ಲ. ಬಿಚ್ಚು ಅನ್ನಲಿಲ್ಲ. ಬೇರೆ ಒಂದು ಕೇಳಿದ್ಲು.

"ಅವ್ವಾ, ಇದ್ದೀಯಾ?"

ಗೋಡೆ ಆಚೆ ಸದ್ದಿಲ್ಲ.

"ಬಿಚ್ಚೋದು ಬೇಡ ಕಣವ್ವಾ. ಇದ್ರೆ ಹೂಂ ಅನ್ನು. ಅಷ್ಟು ಸಾಕು."

ತಾಯಿ ಸೆರಗು ಉಂಡೆ ಮಾಡಿ ಬಾಯಿಗೆ ತುರುಕ್ಕೊಂಡ್ಲು. ಮಣ್ಣಿನ ಗೋಡೆ, ಒಂದು ಗೇಣು ದಪ್ಪ. ಮಗಳ ಉಸಿರು ಕೂಡ ಕೇಳಿಸ್ತಿತ್ತು. ಹೂಂ ಅನ್ನೋಕೆ ಎಷ್ಟು ಹೊತ್ತು ಬೇಕು? ಅಂದ್ರೆ ಮಗು ಇನ್ನೂ ಅಳುತ್ತೆ, ಕೈ ಅಲ್ಲಾಡಿಸುತ್ತೆ, ಮೂಳೆ ಜರುಗುತ್ತೆ. ಹಂಗಂತ ಹೇಳಿದ್ದಾರೆ. ಅವಳು ಅನ್ನಲಿಲ್ಲ.

ಮಗಳು ಅವತ್ತೆಲ್ಲಾ ಅದೊಂದೇ ಕೇಳಿದ್ಲು. ಇದ್ದೀಯಾ, ಇದ್ದೀಯಾ.

ನಾಲ್ಕನೇ ದಿನ ಅಳು ನಿಂತುಹೋಯ್ತು.

ಪಂಡಿತ ಹೊರಗೆ ಬಂದು, "ನೋಡಿದ್ಯಾ? ಕೂಡ್ತು," ಅಂದ. ಜಗಲಿ ಮೇಲೆ ಕೂತಿದ್ದ ಬೇರೆ ರೋಗಿಗಳ ಕಡೆಯವರೂ ಹೌದು ಹೌದು ಅಂದ್ರು. ಒಬ್ಬಳು ತನ್ನ ಮಗನೂ ಹಿಂಗೇ ನಾಲ್ಕನೇ ದಿನ ಸುಮ್ಮನಾದ, ಈಗ ಮರಕ್ಕೆ ಕಲ್ಲು ಹೊಡೀತಾನೆ ಅಂದ್ಲು. ತಾಯಿಗೆ ಹೋದ ಜೀವ ಬಂತು. ನನ್ನ ಬೆರಳೇ ಸುಳ್ಳು ಹೇಳ್ತು ಅಂದ್ಕೊಂಡ್ಲು. ಊರ ದೇವರಿಗೆ ಹೋಗಿ ಕಾಯಿ ಒಡೆಸ್ಕೊಂಡು ಬಂದು ಎಲ್ಲರಿಗೂ ಚೂರು ಹಂಚಿದ್ಲು. ಪಂಡಿತನ ತಮ್ಮನಿಗೂ ಕೊಟ್ಲು. ಅವನು ಸೊಟ್ಟ ಕೈಯಲ್ಲೇ ಇಸ್ಕೊಂಡು ಬಾಯಿಗೆ ಹಾಕ್ಕೊಂಡ. ಒಳಗೆ ಮಗುವಿಗೆ ಗಂಜಿ ಕುಡಿಸ್ತಿದ್ದವನು ಅವನೇ. ಅವನು ಏನೂ ಮಾತಾಡಲಿಲ್ಲ.

ಉಳಿದ ಐದು ದಿನ ಗೋಡೆ ಆಚೆ ನೆಮ್ಮದಿಯಾಗಿತ್ತು. ಒಳಗಿಂದ ಒಂಥರಾ ವಾಸನೆ ಬರ್ತಿತ್ತು. ಸೊಪ್ಪಿನ ವಾಸನೆ ಅಂದ್ರು.

ಒಂಬತ್ತನೇ ದಿನ ಕಟ್ಟು ಬಿಚ್ಚೋಕೆ ಕೂತ್ರು. ಎಳೆ ಬಿಚ್ಚೋಕೆ ಬರಲಿಲ್ಲ. ದಬ್ಬೆ ಸಂದಿಯಲ್ಲಿ ಚರ್ಮದೊಳಗೆ ಹೂತುಹೋಗಿತ್ತು. ಕುಯ್ದು ತೆಗೆದ್ರು. ದಬ್ಬೆ ಎತ್ತಿದ್ರು. ಮೂಳೆ ನೆಟ್ಟಗೆ ಕೂತಿತ್ತು. ಕೈ ಸತ್ತುಹೋಗಿತ್ತು.

ಪಂಡಿತ ಆ ಕೈನ ಮುಟ್ಟಿ ಮುಟ್ಟಿ ನೋಡ್ದ. ಪಾಪ, ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಬಾಯಿ ತೆಗೆದು ಒಂದು ಮಾತಂದ.

"ಅವನ ಆಟ ತಾಯಿ. ನಮಗೇನು ತಿಳಿಯುತ್ತೆ?"

ಮಗಳನ್ನ ಗಾಡಿಗೆ ಹಾಕ್ಕೊಂಡು ಪೇಟೆ ಆಸ್ಪತ್ರೆಗೆ ಹೊರಟ್ರು. ಎತ್ತಿ ಗಾಡಿಯಲ್ಲಿ ಮಲಗಿಸಿದ್ದು ಪಂಡಿತನ ತಮ್ಮ. ಆ ಸೊಟ್ಟ ಕೈಯನ್ನೇ ಮಗುವಿನ ಕತ್ತಿನ ಕೆಳಗೆ ಕೊಟ್ಟು, ಬಾಗಿದ ಜಾಗಕ್ಕೆ ತಲೆ ಸರಿಯಾಗಿ ಕೂರಿಸಿ ಎತ್ತಿದ. ತಾಯಿ ಆ ಕೈಯನ್ನೇ ನೋಡ್ತಿದ್ಲು. ಅವನು ಗಾಡಿ ಹಿಡ್ಕೊಂಡು ನಿಂತು ಮೊದಲನೇ ಸಲ ಬಾಯಿ ಬಿಟ್ಟ.

"ನಮ್ಮವ್ವನ್ನ ಊರೆಲ್ಲಾ ಬೈತು ಕಣಕ್ಕ. ಅವಳು ಸಾಯೋ ತನಕ ನಮ್ಮಣ್ಣನೂ ಬೈದ. ನಾನು ಒಂದಿನಾನೂ ಬೈಲಿಲ್ಲ. ಅವ್ವ ಬಂದು ಬಿಚ್ಚಿದಾಗ ಎಷ್ಟು ಹಾಯ್ ಅನ್ನಿಸ್ತು ಗೊತ್ತಾ?"

ಗಾಡಿ ಹೋಯ್ತು.

ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೆಗೆದ್ರು. ಮಗಳು ಉಳಿದ್ಲು. ತಿಂಗಳಾದ ಮೇಲೆ ಮನೆಗೆ ಬಂದ್ಲು.

ಮಗಳು ಬರೋ ಮುಂಚೆ ಅಕ್ಕಪಕ್ಕದವರು ತಾಯಿಗೆ ಬುದ್ಧಿ ಹೇಳಿದ್ರು. ಒಳ್ಳೇ ಜನ. ಒಬ್ಬಳು, "ಎಲ್ಲಿದ್ದೆ ಅಂತ ಕೇಳಿದ್ರೆ ಸಂತೆಗೆ ಹೋಗಿದ್ದೆ ಅನ್ನು," ಅಂದ್ಲು. ಇನ್ನೊಬ್ಬಳು, "ತವರಿಗೆ ಹೋಗಿದ್ದೆ ಅನ್ನು, ಅದು ಇನ್ನೂ ದೂರ," ಅಂದ್ಲು. "ನೀನು ಊರಲ್ಲೇ ಇರಲಿಲ್ಲ ಅಂದ್ರೆ ಮಗು ಮರೆಯುತ್ತೆ ಕಣೆ. ಇದ್ದೂ ಬರಲಿಲ್ಲ ಅಂದ್ರೆ ಮರೆಯಲ್ಲ."

ಮಗಳು ಕೇಳೇ ಕೇಳಿದ್ಲು. ಜೋರು ಮಾಡಿ ಅಲ್ಲ. ಗಂಜಿ ಕುಡೀತಾ, ಎಡಗೈಯಲ್ಲಿ ಲೋಟ ಹಿಡ್ಕೊಳ್ಳೋಕೆ ಕಲೀತಾ ಕೇಳಿದ್ಲು.

"ಅವ್ವಾ, ಆಗ ನೀನು ಎಲ್ಲಿದ್ದೆ?"

ತಾಯಿ ಸಂತೆ ಅನ್ನೋಕೆ ಬಾಯಿ ತೆಗೆದ್ಲು. ಬರಲಿಲ್ಲ.

"ಗೋಡೆ ಆಚೆ ಇದ್ದೆ ಮಗಾ."

"ನಾನು ಕೂಗಿದ್ದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಎಲ್ಲಾನೂ?"

"ಎಲ್ಲಾನೂ."

ಆಮೇಲೆ ತಾಯಿ ಬಡಬಡ ಹೇಳಿದ್ಲು. ಪಂಡಿತ ಬೇಡ ಅಂದಿದ್ದ. ನಿನ್ನ ಒಳ್ಳೇದಕ್ಕೇ ಅಂದಿದ್ದ. ನಾನೂ ಊಟ ಮಾಡಲಿಲ್ಲ. ನಿನಗಿಂತ ಜಾಸ್ತಿ ನಾನು ಅತ್ತೆ, ಸೆರಗು ಕಚ್ಕೊಂಡು ಅತ್ತೆ, ನಿನಗೆ ಕೇಳಿಸಬಾರ್ದು ಅಂತ. ನೀನಿನ್ನೂ ಚಿಕ್ಕೋಳು ಮಗಾ, ದೊಡ್ಡೋಳಾದ ಮೇಲೆ ನಿನಗೆ ಅರ್ಥ ಆಗುತ್ತೆ.

ಮಗಳು ಎಲ್ಲಾ ಕೇಳಿಸ್ಕೊಂಡ್ಲು. ಗಂಜಿ ಮುಗಿಸಿದ್ಲು. ಲೋಟ ಕೆಳಗಿಟ್ಲು.

"ಹೂಂ," ಅಂದ್ಲು.

ಅಲ್ಲಿಗೆ ಆ ಮಾತು ಮುಗೀತು. ಮಗಳು ಮತ್ತೆ ಯಾವತ್ತೂ ಅದನ್ನ ಎತ್ತಲಿಲ್ಲ. ಹಟ ಇಲ್ಲ, ಸಿಟ್ಟಿಲ್ಲ. ಕೆಲಸ ಹೇಳಿದ್ರೆ ಮಾಡ್ತಿದ್ಲು. ಕಾಲು ಚಾಚಿ ಬುಟ್ಟಿ ತಳ ಪಾದದಲ್ಲಿ ಒತ್ತಿ ಹಿಡ್ಕೊಂಡು ಒಂದೇ ಕೈಯಲ್ಲಿ ಸುತ್ತು ಏರಿಸೋದು ಕೂಡ ಕಲಿತ್ಲು. ಎಂಥ ಒಳ್ಳೇ ಮಗು, ಎಲ್ಲಾ ಮರೆತುಬಿಟ್ಟಿದೆ ಅಂತ ನೆರೆಯವರು ಅಂದ್ರು. ತಾಯಿಯೂ ಹಂಗೇ ಅಂದ್ಕೊಂಡ್ಲು.

ಒಂದಿನ ಮಗಳು ನೀರು ತರ್ತಾ ಹೊಸ್ತಿಲು ಎಡವಿದ್ಲು. ಕಾಲಿನ ಉಗುರು ಕಿತ್ತು ರಕ್ತ ಬಂತು. ಬಿಂದಿಗೆ ಉರುಳಿಹೋಯ್ತು.

ಎಡವಿದ್ರೆ ನಮ್ಮ ಬಾಯಲ್ಲಿ ಏನು ಬರುತ್ತೆ ಮರಿ? ಎಂಬತ್ತು ವರ್ಷದ ಮುದುಕನಿಗೂ, ಹೆತ್ತೋಳು ಸತ್ತು ನಲವತ್ತು ವರ್ಷ ಆಗಿರಲಿ, ಮೊದಲು ಬರೋದು ಅವ್ವಾ ಅಂತಲೇ. ಯೋಚನೆ ಮಾಡಿ ಅನ್ನೋದಲ್ಲ ಅದು. ಉಸಿರಿನ ಜೊತೆ ಬರುತ್ತೆ.

ಮಗಳು ಹೊಸ್ತಿಲ ಮೇಲೆ ಕೂತ್ಲು. ಹಲ್ಲು ಕಚ್ಚಿದ್ಲು. ಕಿತ್ತ ಉಗುರನ್ನ ಎಡಗೈಯಲ್ಲಿ ಅದುಮಿ ಹಿಡ್ಕೊಂಡ್ಲು. ಕಣ್ಣಲ್ಲಿ ನೀರು ತುಂಬ್ತು. ಬಾಯಿಂದ ಒಂದು ಮಾತು ಹೊರಡಲಿಲ್ಲ.

ತಾಯಿ ಎರಡು ಮಾರು ದೂರದಲ್ಲಿ ಒಲೆ ಮುಂದೆ ಕೂತಿದ್ಲು. ಈ ಸಲ ನಡುವೆ ಗೋಡೆ ಇರಲಿಲ್ಲ. ಅವಳು ಕಾಯ್ತಾ ಕೂತ್ಲು, ಕರೆಯುತ್ತೆ ಅಂತ. ಮಗಳು ಕರೀಲಿಲ್ಲ.

ಗುರುಗಳು ಕತೆ ನಿಲ್ಲಿಸಿದ್ರು. ಮತ್ತೆ ಮೊರ ಹತ್ರ ಎಳ್ಕೊಂಡ್ರು.

ಶಿಷ್ಯ ಕೈಯಲ್ಲಿದ್ದ ಕಾಯಿ ಸುಲೀದೆ ಹಂಗೇ ಹಿಡ್ಕೊಂಡಿದ್ದ. ಅವನಿಗೆ ನಾಳೆಯ ಚಿಂತೆ. ಕೇರಿ ಸೇರುತ್ತೆ, ಎಲ್ಲರೂ ಅವನ ಬಾಯಿ ನೋಡ್ತಾರೆ. ಕೈಯಲ್ಲಿದ್ದ ಒಂದೇ ದೃಷ್ಟಾಂತ ಗುರುಗಳು ಹಿಂಗೆ ಕೆಡಿಸಿಟ್ಟಿದ್ದಾರೆ. ಅದನ್ನ ಉಳಿಸ್ಕೊಳ್ಳೋಕೆ ಅವನಿಗೊಂದು ದಾರಿ ಹೊಳೀತು. ಓದಿದ ಹುಡುಗ, ಹೊಳೆಯದೇ ಇರುತ್ತಾ?

"ಬುದ್ಧಿ, ಇದು ಮನುಷ್ಯರ ಕತೆ. ಪಂಡಿತನಿಗೆ ತಿಳುವಳಿಕೆ ಸಾಲದು, ತಾಯಿಗೆ ಧೈರ್ಯ ಸಾಲದು. ಇಬ್ಬರೂ ತಪ್ಪು ಮಾಡಿದ್ರು. ದೇವರು ತಪ್ಪು ಮಾಡಲ್ಲ. ಅವನಿಗೆ ಗೊತ್ತಿಲ್ಲದ್ದು ಇಲ್ಲ. ಅವನಿಗೆ ಮಾಡಬೇಡ ಅನ್ನೋಕೆ ಮೇಲೆ ಯಾರೂ ಇಲ್ಲ. ಅವನನ್ನ ಹೋಗಿ ಆ ಬುಟ್ಟಿಯೋಳಿಗೆ ಹೋಲಿಸೋದು ಸರೀನಾ?"

ಗುರುಗಳು ಮೊದಲನೇ ಸಲ ತಲೆ ಎತ್ತಿ ಅವನ ಮುಖ ನೋಡಿದ್ರು.

"ಸರಿ ಅಲ್ಲ ಮರಿ, ಒಪ್ದೆ, ಆ ತಾಯಿನ ಗೋಡೆ ಆಚೆ ಕೂರಿಸೋಕೆ ಒಬ್ಬ ಪಂಡಿತ ಇದ್ದ, ನಿನ್ನ ದೇವರನ್ನ ಅಲ್ಲಿ ಕೂರಿಸಿದ್ದು ಯಾರು?"